ಒಂದು ಕೋಳಿ ತಾನೇ ಅನ್ನಬೇಡಿ

ಹೋದ ತಿಂಗಳು ಒಂದು ಬೆಳಿಗ್ಗೆ ಮಂಕರಿ ಎತ್ತಿದರೆ ಎಲ್ಲ ಕೋಳಿಗಳೂ ಓಡಿಹೋದವು, ಕೆಂಪಿ ಮಾತ್ರ ಏಳಲಿಲ್ಲ. ಬಾಲ ಇಳಿಬಿಟ್ಟು, ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ಕೋಳಿ ತೂಕಡಿಸಿದರೆ ಎದೆ ಹೇಗೆ ಧಸಕ್ ಅನ್ನುತ್ತದೆ ಅಂತ ಸಾಕಿದವರಿಗೆ ಗೊತ್ತು. ಕೋಳಿ ತನ್ನ ಕಾಯಿಲೆಯನ್ನು ಆದಷ್ಟೂ ಮುಚ್ಚಿಡುತ್ತದೆ. ಸೊರಗಿದ್ದು ಕಂಡರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ.

ಪಶು ಆಸ್ಪತ್ರೆಗೆ ಫೋನ್ ಮಾಡಿದೆ. "ಒಂದು ಕೋಳಿ ತಾನೇ? ಕುಯ್ದುಬಿಡಿ" ಅಂದರು. ಗದರಿ ಹೇಳಿದ್ದರೆ ಮರೆತುಬಿಡುತ್ತಿದ್ದೆ. ತೀರಾ ಮಾಮೂಲಿ ಮಾತಿನ ಹಾಗೆ ಹೇಳಿದರು.

ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಒಬ್ಬ ಡಾಕ್ಟರಿಗೆ ಎಷ್ಟೋ ಹಳ್ಳಿಗಳು. ಹಸುವಿಗೆ ಕರು ಸಿಕ್ಕಿಕೊಂಡರೆ ನಡುರಾತ್ರಿ ಓಡಬೇಕು. ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಬರುತ್ತದೆ ನಿಜ, ಆದರೆ ಒಂದು ಕೋಳಿಗೋಸ್ಕರ ಕರೆಯೋಕೆ ನಮಗೇ ಸಂಕೋಚ. ಕೋಳಿ ಕಾಯಿಲೆಯನ್ನೇ ಚೆನ್ನಾಗಿ ಬಲ್ಲ ಡಾಕ್ಟರುಗಳು ಇಲ್ಲವೆಂದಲ್ಲ. ಹೆಚ್ಚಿನವರು ದೊಡ್ಡ ಫಾರಂಗಳಲ್ಲಿ, ಮರಿ ಮತ್ತು ಫೀಡ್ ಕಂಪನಿಗಳಲ್ಲಿ ಇದ್ದಾರೆ. ಅಲ್ಲಿ ಲೆಕ್ಕ ಸಾವಿರದಲ್ಲಿ. ಒಂದು ಕೋಳಿ ಮಂಕಾದರೆ ಅದನ್ನು ಕೊಯ್ದು ಒಳಗೆ ನೋಡಿ, ಉಳಿದವಕ್ಕೆ ಔಷಧಿ ಬರೆಯುತ್ತಾರೆ. ಆ ಒಂದು ಕೋಳಿಯನ್ನು ಬದುಕಿಸುವುದು ಯಾರ ಕೆಲಸವೂ ಅಲ್ಲ.

ಆದರೆ ನಮ್ಮ ಮನೆಯಲ್ಲಿ ಹಾಲಿನ ದುಡ್ಡು ಅಪ್ಪನ ಖಾತೆಗೆ ಹೋಗುತ್ತದೆ, ಮೊಟ್ಟೆ ದುಡ್ಡು ಅಮ್ಮನ ಸೆರಗಿನ ಗಂಟಿಗೆ. ನನ್ನ ಶಾಲೆಯ ನೋಟ್‌ಬುಕ್ಕುಗಳು ಆ ಗಂಟಿನಿಂದಲೇ ಬಂದಿದ್ದು. ಹೇಟೆ ಸತ್ತರೆ ಯಾರ ಕೈ ಖಾಲಿಯಾಗುತ್ತದೆ ಅಂತ ನೋಡಿದರೆ, ಕೋಳಿಗೆ ಡಾಕ್ಟರ್ ಯಾಕೆ ಸಿಗುವುದಿಲ್ಲ ಅನ್ನುವುದೂ ಸ್ವಲ್ಪ ತಿಳಿಯುತ್ತದೆ.

ಕೆಂಪಿಯನ್ನು ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಬೇರೆ ಕೋಣೆಯಲ್ಲಿಟ್ಟೆ. ಒಂದು ಕಡೆ ಹಳೇ ಬಲ್ಬು ಉರಿಸಿದೆ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಕಾಯಿಲೆ ಬಿದ್ದಾಗ ಆ ಬಿಸಿ ಉಳಿಸಿಕೊಳ್ಳುವುದಕ್ಕೇ ಅದರ ಶಕ್ತಿಯೆಲ್ಲ ಹೋಗುತ್ತದೆ. ಆಮೇಲೆ ಕೈಯಿಂದ ತಡವಿ ನೋಡಿದೆ. ಎದೆಯ ಮೇಲಿನ ಕಾಳಿನ ಚೀಲ ಬೆಳಿಗ್ಗೆ ಖಾಲಿ ಇರಬೇಕು, ಖಾಲಿಯೇ ಇತ್ತು. ಹಿಕ್ಕೆಯಲ್ಲಿ ರಕ್ತವಿಲ್ಲ, ಹಸಿರೂ ಇಲ್ಲ. ಆದರೆ ಹೊತ್ತುಹೊತ್ತಿಗೂ ಎದ್ದು ನಿಂತು ತಿಣುಕುತ್ತಿದ್ದಳು. ಹೊಟ್ಟೆಯ ಕೆಳಗೆ ಮೆಲ್ಲಗೆ ಮುಟ್ಟಿದರೆ ಉಂಡೆಯಂಥದ್ದು ಸಿಕ್ಕಿತು. ಮೊಟ್ಟೆ ಸಿಕ್ಕಿಕೊಂಡಿತ್ತು.

ಒತ್ತಿ ತೆಗೆಯೋಕೆ ಹೋಗಬೇಡಿ. ಒಳಗೆ ಒಡೆದರೆ ಕೋಳಿ ಉಳಿಯುವುದು ಕಷ್ಟ. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಹೊಟ್ಟೆ ಮುಳುಗುವಷ್ಟು 20 ನಿಮಿಷ ಕೂರಿಸಿದೆ, ಒರೆಸಿ ಮತ್ತೆ ಡಬ್ಬದಲ್ಲಿ ಬಿಟ್ಟೆ. ಮಧ್ಯಾಹ್ನ ಇನ್ನೊಂದು ಸಲ. ಸಂಜೆ ಐದಕ್ಕೆ ಚಿಪ್ಪು ಗಟ್ಟಿಯಾಗದ, ತೊಗಲಿನಂಥ ಮೊಟ್ಟೆ ಹಾಕಿದಳು. ಅಮ್ಮ ಕಣ್ಣೊರೆಸಿಕೊಂಡಳು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬರೀ ನುಚ್ಚು, ಅಕ್ಕಿ ಹಾಕಿದರೆ ಅದು ಎಲ್ಲಿಂದ ಬರಬೇಕು? ಈಗ ಮನೆಯ ಮೊಟ್ಟೆ ಚಿಪ್ಪುಗಳನ್ನೇ ಹುರಿದು ಪುಡಿ ಮಾಡಿ ಹಾಕುತ್ತಿದ್ದೇವೆ.

ಒಂದು ತಪ್ಪು ಎಲ್ಲರ ಮನೆಯಲ್ಲೂ ಆಗುತ್ತದೆ, ಅದನ್ನು ಹೇಳಲೇಬೇಕು. ಸುಸ್ತಾದ ಕೋಳಿಯ ಬಾಯಿ ಬಿಡಿಸಿ ನೀರು ಸುರಿಯಬೇಡಿ. ನಾಲಿಗೆಯ ಹಿಂದೆಯೇ ಉಸಿರಿನ ತೂತು ಇರುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿ, ತಾನೇ ನುಂಗಲಿ. ಹಾಗೇ, ಅಂಗಡಿಯವರು ಕೋಳಿ ನೋಡದೆ ಕೊಡುವ ಆಂಟಿಬಯಾಟಿಕ್ ಪುಡಿ ಬೇಡ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಅದರ ಅಂಶ ಮೊಟ್ಟೆಯ ಮೂಲಕ ಮಕ್ಕಳ ತಟ್ಟೆಗೆ ಬರಬಹುದು. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಗೆ ಕೊಡಬಾರದು ಅಂತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸುಮ್ನೆ ಅಲ್ಲ.

ಆದರೆ ಎಲ್ಲ ಕಾಯಿಲೆಯೂ ಬಿಸಿನೀರಿಗೆ ಬಗ್ಗುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ 14 ಕೋಳಿಗಳಲ್ಲಿ 11 ನಾಲ್ಕೇ ದಿನದಲ್ಲಿ ಹೋದವು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ತಿರುಚಿದ ಕತ್ತು. ಕೊಕ್ಕರೆ ರೋಗ. ಡಾಕ್ಟರ ಭಾಷೆಯಲ್ಲಿ ರಾಣಿಖೇತ್, ಉತ್ತರಾಖಂಡದ ಬೆಟ್ಟದ ಊರಿನ ಹೆಸರು. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಬರುವ ಮೊದಲು ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಲಸೋಟ ಹನಿ, ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಸೂಜಿ. ತೊಡಕೆಲ್ಲ ಇಲ್ಲೇ ಇದೆ. ಒಂದು ಶೀಷೆಯಲ್ಲಿ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಲಸಿಕೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯ ತನಕ ಐಸ್ ಮೇಲಿರಬೇಕು. ಎಂಟು ಕೋಳಿ ಇರುವ ಮನೆಯವರು ಏನು ಮಾಡಬೇಕು? ಕೇಳಿದರೆ ಶೀಷೆ ತೆರೆದರೆ ಉಳಿದದ್ದು ವೇಸ್ಟ್ ಆಗುತ್ತದೆ ಅನ್ನುತ್ತಾರೆ. ಕೇಳದಿದ್ದರೆ ಬೇಸಿಗೆಯಲ್ಲಿ ಕೇರಿಗೆ ಕೇರಿಯೇ ಖಾಲಿ.

ಇನ್ನೂ ಒಂದು ಸಂಕಟ. ರೋಗ ಬಿದ್ದ ಸುದ್ದಿ ಬಂದ ಕೂಡಲೇ ನಾವೇ ಉಳಿದ ಕೋಳಿಗಳನ್ನು ಸಂತೆಗೆ ಹೊತ್ತು ಮಾರುತ್ತೇವೆ. ಅದನ್ನು ಕೊಂಡವಳೂ ನಮ್ಮ ಅಮ್ಮನಂಥವಳೇ ಅಲ್ವಾ? ಸಂತೆಯಿಂದ ತಂದ ಕೋಳಿಯನ್ನು ಎರಡು ವಾರವಾದರೂ ಬೇರೆ ಇಡಿ. ಒಮ್ಮೆಲೇ ತುಂಬಾ ಕೋಳಿ ಸತ್ತರೆ ಕುಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಪಶು ಇಲಾಖೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದಿತ್ತು, ನೆನಪಿರಲಿ.

ಕೆಂಪಿ ಎದ್ದ ಮೇಲೆ ನಾನೂ ಅಮ್ಮನೂ ಕೇರಿಯ ಮನೆಗಳಿಗೆ ಹೋಗಿ ಕೋಳಿ ಎಣಿಸಿದೆವು. 12 ಮನೆ, 93 ಕೋಳಿ. ಒಂದು ಶೀಷೆಗೆ ಸರಿಹೋಯಿತು. ಪಶು ಆಸ್ಪತ್ರೆಗೆ ಮತ್ತೆ ಫೋನ್ ಮಾಡಿದೆ. 93 ಅಂದಾಗ ಆ ಕಡೆಯ ದನಿಯೇ ಬೇರೆಯಾಯಿತು. ಬರುವ ಭಾನುವಾರ ಲಸಿಕೆ ಹಾಕೋಕೆ ಬರುತ್ತಾರೆ. ಐಸ್ ಡಬ್ಬ ನಾನು ತರುತ್ತೇನೆ. ಕೇರಿಯವರು ಬೆಳಿಗ್ಗೆ ಆರೂವರೆಯ ತನಕ ಮಂಕರಿ ಎತ್ತಬೇಡಿ. ಮಂಕಾಗಿರುವ ಕೋಳಿ, ತೀರಾ ಸಣ್ಣ ಮರಿ ಇದ್ದರೆ ಬೇರೆ ಇಡಿ, ಅವಕ್ಕೆ ಅವತ್ತು ಸೂಜಿ ಬೇಡ. ಮೊಟ್ಟೆ ಇಡುತ್ತಿರುವ ಹೇಟೆಗೆ ಈಗಲೇ ಹಾಕಬೇಕಾ ಅಂತ ಲಸಿಕೆ ಹಾಕೋಕೆ ಬರುವವರನ್ನೇ ಕೇಳೋಣ.