ನೂಲಿನಂತೆ ಸೀರೆ ಅಂದು ಕೈ ತೊಳೆದುಕೊಳ್ಳಬೇಡಿ

ಇವತ್ತು ಬೆಳಿಗ್ಗೆ ರಕ್ತ ಪರೀಕ್ಷೆಗೆ ಹೋಗಿದ್ದೆ. ನನ್ನ ಸಕ್ಕರೆ ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಸರದಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬಳು ಬಸುರಿ ಹುಡುಗಿ. ಜೊತೆಗೆ ಬಂದವರು ಅತ್ತೆಯೋ ದೊಡ್ಡಮ್ಮನೋ ಇರಬೇಕು. ಹುಡುಗಿ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ, "ಮಗು ಬೆಳವಣಿಗೆ ಕಮ್ಮಿ ಅಂತ ಬರ್ದಿದಾರೆ" ಅಂದಳು. ಅವರು ಕಾಗದದ ಕಡೆ ನೋಡಲೂ ಇಲ್ಲ. "ನಮ್ ವಂಶದಲ್ಲಿ ಎಲ್ರೂ ಸಣ್ಣಗೇ ಹುಟ್ಟಿದ್ದು ಕಣೇ. ನೂಲಿನಂತೆ ಸೀರೆ. ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು.

ಹುಡುಗಿ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಮಾತು ಅಲ್ಲಿಗೆ ಮುಗಿಯಿತು.

ಆ ನಾಲ್ಕು ಮಡಿಕೆ ಬೆಳಗ್ಗೆಯಿಂದ ನನ್ನ ಕಣ್ಣ ಮುಂದೆಯೇ ಇದೆ. ಹೆದರಿದವಳಿಗೆ ಧೈರ್ಯ ಹೇಳಿದರು, ಅದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಧೈರ್ಯ ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ "ವಂಶದಲ್ಲೇ ಬಂದಿದ್ದು" ಅಂದ ಕೂಡಲೇ ಮುಂದಿನ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ನನಗೆ ಸಿಟ್ಟು ಬರುವುದು ಅದಕ್ಕೆ. ರಕ್ತ ಕಡಿಮೆ ಇದೆಯಾ, ಊಟ ಸೇರುತ್ತಿದೆಯಾ, ಬಿಪಿ ಎಷ್ಟಿದೆ, ಮತ್ತೆ ಯಾವಾಗ ಸ್ಕ್ಯಾನ್ ಮಾಡಿಸಬೇಕು, ಒಂದನ್ನೂ ಯಾರೂ ಕೇಳುವುದಿಲ್ಲ.

ವಂಶವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಒಂದು ಉದಾಹರಣೆ ಕೇಳಿ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45. ಜರ್ಮನ್ ಸೇನೆ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆಯಿತು. ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ 400ರಿಂದ 800 ಕ್ಯಾಲೊರಿಗೆ ಇಳಿಯಿತು. ಆ ತಿಂಗಳುಗಳಲ್ಲೂ ಹೆಂಗಸರು ಬಸುರಾದರು. ಅವರಲ್ಲಿ ಬಸಿರಿನ ಮೊದಲ ತಿಂಗಳುಗಳನ್ನು ಹಸಿವಿನಲ್ಲಿ ಕಳೆದು, ಆಮೇಲೆ ಹೊಟ್ಟೆ ತುಂಬ ಉಂಡವರ ಮಕ್ಕಳು ಸರಿಯಾದ ತೂಕದಲ್ಲೇ ಹುಟ್ಟಿದರು. ನೋಡಿದವರು ಎಲ್ಲ ಸರಿ ಇದೆ ಅಂದುಕೊಂಡಿರಬೇಕು. ಆದರೆ ಐವತ್ತರ ವಯಸ್ಸಿನ ಹೊತ್ತಿಗೆ ಅಂಥವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 2008ರಲ್ಲಿ ಸಂಶೋಧಕರು ಇಂಥವರ ರಕ್ತವನ್ನು ಅವರ ಒಡಹುಟ್ಟಿದವರ ರಕ್ತದ ಜೊತೆ ಹೋಲಿಸಿದರು. ಅದೇ ಅಪ್ಪ, ಅದೇ ಅಮ್ಮ. ಐಜಿಎಫ್2 ಅನ್ನುವ ಬೆಳವಣಿಗೆಯ ಜೀನ್ ಇಬ್ಬರಲ್ಲೂ ಇದೆ. ಆದರೆ ಜೀನಿನ ಮೇಲೆ ಕೂತು ಅದರ ಕೆಲಸವನ್ನು ಏರಿಳಿಸುವ ಮೀಥೈಲ್ ಅನ್ನುವ ರಾಸಾಯನಿಕ ಗುರುತುಗಳು ಹಸಿವಿನ ಕಾಲದಲ್ಲಿ ಬಸಿರಲ್ಲಿ ಮೂಡಿದವರಲ್ಲಿ ಕಡಿಮೆ ಇದ್ದವು. ಅರವತ್ತು ವರ್ಷ ಕಳೆದಮೇಲೂ! ಒಂದೇ ನೂಲು, ಸೀರೆ ಬೇರೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಹುಟ್ಟಿದ ಮಕ್ಕಳನ್ನೆಲ್ಲ ತೂಗುತ್ತಿದ್ದರು. ಒಂದು ವರ್ಷ ತುಂಬಿದಾಗ ಮತ್ತೆ ತೂಕ. ಎಲ್ಲವನ್ನೂ ದಪ್ಪ ದಪ್ಪ ಲೆಡ್ಜರ್‌ಗಳಲ್ಲಿ ಕೈಯಲ್ಲೇ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಅನ್ನುವ ವೈದ್ಯರು ಮತ್ತು ಅವರ ಜೊತೆಗಾರರು ಆ ಲೆಡ್ಜರ್‌ಗಳನ್ನು ಹಿಡಿದು ಐದೂವರೆ ಸಾವಿರಕ್ಕೂ ಹೆಚ್ಚು ಗಂಡಸರ ಜಾಡು ಹುಡುಕಿದರು. ಒಂದು ವರ್ಷಕ್ಕೆ ಎಂಟು ಕೆಜಿಯ ಆಸುಪಾಸಿನಲ್ಲೇ ಇದ್ದವರು, ಹನ್ನೆರಡು ಕೆಜಿ ದಾಟಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಹೃದಯದ ಕಾಯಿಲೆಯಿಂದ ಸತ್ತಿದ್ದರು. 1989ರಲ್ಲಿ ಇದು ಅಚ್ಚಾದಾಗ ಒಪ್ಪದವರೇ ಜಾಸ್ತಿ. ಈಗ ಅದರ ಒಳಗುಟ್ಟು ಸ್ವಲ್ಪ ಸ್ವಲ್ಪವೇ ಅರ್ಥವಾಗುತ್ತಿದೆ. ಕಿಡ್ನಿಯನ್ನೇ ನೋಡಿ. ರಕ್ತ ಸೋಸುವ ನೆಫ್ರಾನ್‌ಗಳು ಬಸಿರಿನ ಸುಮಾರು 36ನೇ ವಾರದವರೆಗೆ ಮಾತ್ರ ಹುಟ್ಟುತ್ತವೆ. ಸಣ್ಣಗೆ ಹುಟ್ಟಿದ ಮಗು ಕಡಿಮೆ ನೆಫ್ರಾನ್ ಇಟ್ಟುಕೊಂಡೇ ಬಾಳಿಡೀ ತೂಗಿಸಬೇಕು. ಮುಂದೆ ಬಿಪಿ ಏರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಾದರೆ ಜೀನ್‌ಗೆ ಬೆಲೆಯೇ ಇಲ್ವಾ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಖಂಡಿತ ಇದೆ. ಬಸಿರಲ್ಲಿ ಇನ್ಸುಲಿನ್ ಕೆಲಸವನ್ನು ಕುಗ್ಗಿಸುವ ಜೀನೇ ಮಗುವನ್ನು ಸಣ್ಣಗೆ ಹುಟ್ಟಿಸಿ, ಮುಂದೆ ಸಕ್ಕರೆ ಕಾಯಿಲೆಯನ್ನೂ ತರಬಹುದು ಅಂತ ಹ್ಯಾಟರ್ಸ್ಲಿ ಮತ್ತು ಟೂಕ್ ಅನ್ನುವ ಸಂಶೋಧಕರು 1999ರಲ್ಲೇ ವಾದಿಸಿದರು. ಅದರಲ್ಲೂ ಹುರುಳಿದೆ. ಇರಲಿ. ಅದಕ್ಕಾಗಿ ರಿಪೋರ್ಟ್ ಮಡಚಿ ಒಳಗಿಡಬೇಕಾ?

ಪೂರ್ತಿ ಜೀನಿನದೇ ಆದ ಕಾಯಿಲೆಯನ್ನೇ ತಗೊಳ್ಳಿ. 1930ರ ದಶಕ, ನಾರ್ವೆ. ಒಬ್ಬ ತಾಯಿಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆದಿರಲಿಲ್ಲ. ಅವರ ಮೂತ್ರದಲ್ಲಿ ಏನೋ ವಿಚಿತ್ರ ವಾಸನೆ. ಆ ತಾಯಿ ಡಾಕ್ಟರಿಂದ ಡಾಕ್ಟರಿಗೆ ಅಲೆದಳು, ಬಿಡದೆ ಕೇಳಿದಳು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫಾಲಿಂಗ್ ಅನ್ನುವ ವೈದ್ಯರು ಆ ಮೂತ್ರವನ್ನು ಪರೀಕ್ಷಿಸಿ ಕಾರಣ ಪತ್ತೆಮಾಡಿದರು. ಅದೇ ಪಿಕೆಯು, ಅಂದರೆ ಫೆನೈಲ್‌ಕೀಟೋನ್ಯೂರಿಯಾ ಅನ್ನುವ ಕಾಯಿಲೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ, ಆಹಾರದ ಪ್ರೋಟೀನಿನಲ್ಲಿರುವ ಫೆನೈಲ್ ಅಲನೈನ್ ಅನ್ನುವ ಅಂಶ ಒಡೆಯದೆ ಮೈಯಲ್ಲಿ ತುಂಬಿಕೊಂಡು ಮಿದುಳನ್ನು ಹಾಳುಮಾಡುತ್ತದೆ. ಇವತ್ತು ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಮೊದಲ ದಿನಗಳಲ್ಲೇ ಇದನ್ನು ಹಿಡಿಯಬಹುದು. ಆಗಿನಿಂದಲೇ ಆ ಅಂಶ ಕಡಿಮೆ ಇರುವ ಆಹಾರ ಕೊಟ್ಟರೆ ಮಗು ಎಲ್ಲರ ಹಾಗೆ ಓದಿ ಬೆಳೆಯುತ್ತದೆ. ಜೀನ್ ಮಾತ್ರ ಇದ್ದ ಹಾಗೇ ಇರುತ್ತದೆ. "ನಮ್ಮ ವಂಶವೇ ಹಾಗೆ" ಅಂದುಕೊಂಡು ಆ ತಾಯಿ ಸುಮ್ಮನಾಗಿದ್ದರೆ?

ಇನ್ನೊಂದು ಮಾತು ಇಲ್ಲಿ ಹೇಳಿಬಿಡಬೇಕು. ನನಗೆ ಕಾಯಿಲೆ ಗೊತ್ತಾದಾಗ ನಾನೂ "ಅಪ್ಪನಿಂದ ಬಂದಿದ್ದು" ಅಂತಲೇ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಕಳೆದ ತಿಂಗಳು ಅಮ್ಮನ ಹಳೆಯ ಕಾಗದಪತ್ರಗಳ ನಡುವೆ ನಾನು ಹುಟ್ಟಿದಾಗಿನ ಕಾರ್ಡ್ ಸಿಕ್ಕಿತು. ಮೂಲೆ ಸವೆದು ಹಳದಿಯಾಗಿದೆ. ತೂಕ 2 ಕೆಜಿ 100 ಗ್ರಾಂ. ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಕೆಳಗೆ ನೀಲಿ ಶಾಯಿಯಲ್ಲಿ "ತಾಯಿಗೆ ರಕ್ತ ಕಡಿಮೆ" ಅಂತ ಬರೆದಿತ್ತು. ನಾನು ಓದುತ್ತಿದ್ದ ವಿಷಯವನ್ನೆಲ್ಲ ಉತ್ಸಾಹದಲ್ಲಿ ಅಮ್ಮನಿಗೆ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನಿಂದಲೇ ನಿನಗೆ ಹೀಗಾಯ್ತಾ?" ಅಂದಳು.

ಇಲ್ಲಮ್ಮ, ಖಂಡಿತ ಇಲ್ಲ. ನಿನಗೆ ಐದು ತಿಂಗಳು ವಾಂತಿ, ಒಂದು ತುತ್ತು ಒಳಗೆ ನಿಲ್ಲುತ್ತಿರಲಿಲ್ಲ. ಕಾರ್ಡಿನ ಮೇಲೆ ಬರೆದವರು ಬರೆದು ಪಕ್ಕಕ್ಕಿಟ್ಟರು. ಅದನ್ನು ನೋಡಿ ಮತ್ತೆ ವಿಚಾರಿಸಿದವರು ಒಬ್ಬರೂ ಇರಲಿಲ್ಲ. ವಂಶ ಅಂದು ಕೈ ತೊಳೆದುಕೊಳ್ಳುವ ಜನರೇ, ಅದು ನಡೆಯದಾದಾಗ ತಾಯಿಯ ಕಡೆ ಬೆರಳು ತೋರಿಸುತ್ತಾರೆ. ಎರಡೂ ಸಲ ಅವಳ ಜೊತೆ ಕೂತು ಕೇಳುವವರು ಇರುವುದಿಲ್ಲ.

ಇವತ್ತು ನಾನೂ ಕೇಳಲಿಲ್ಲ. ಬಾಯಿಗೆ ಬಂದಿತ್ತು, ಅಷ್ಟರಲ್ಲಿ ನನ್ನ ಹೆಸರು ಕರೆದರು, ಎದ್ದು ಹೋದೆ. ರಕ್ತ ಕೊಟ್ಟು ಆಚೆ ಬರುವಷ್ಟರಲ್ಲಿ ಅವರಿಬ್ಬರೂ ಇರಲಿಲ್ಲ. ಬುಧವಾರ ಫಲಿತಾಂಶ ತರಲು ಮತ್ತೆ ಹೋಗಬೇಕು. ಅವಳು ಅಲ್ಲಿದ್ದರೆ ಪಕ್ಕದಲ್ಲಿ ಕೂತು, ಆ ಕಾಗದ ತೆಗೆದು ಡಾಕ್ಟರ್ ಹತ್ತಿರ ಇನ್ನೊಂದು ಸಲ ಕೇಳಮ್ಮ ಅಂತ ಹೇಳುತ್ತೇನೆ.