ಕೋಪ ಜಾಸ್ತಿಯಂತೆ, ಮನಸ್ಸು ಚಿನ್ನವಂತೆ

ನಿನ್ನೆ ಒಂದು ಮನೆಯಲ್ಲಿ ಪಂಚಾಯ್ತಿಗೆ ಹೋಗಿದ್ದೆ. ಯಾರ ಮನೆ ಅಂತ ಕೇಳಬೇಡಿ. ಗಂಡ ಹೊಡೆದು ಹುಡುಗಿಯ ಕೆನ್ನೆ ಇನ್ನೂ ಊದಿಕೊಂಡಿತ್ತು. ಐದು ಜನ ಹಿರಿಯರು, ಎರಡು ಸುತ್ತು ಕಾಫಿ, ಕೊನೆಗೆ ತೀರ್ಪು: "ಅವನಿಗೆ ಕೋಪ ಜಾಸ್ತಿ, ಆದ್ರೆ ಮನಸ್ಸು ಚಿನ್ನ. ನೀನೇ ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ."

ಅಷ್ಟರಲ್ಲಿ ಆ ಚಿನ್ನಕ್ಕೆ ಫೋನ್ ಬಂತು. ಓನರ್ ಇರಬೇಕು. ಬೈಗುಳ ನಮಗೂ ಕೇಳಿಸುತ್ತಿತ್ತು. ಇವನು ಎದ್ದು ನಿಂತು, "ಸರಿ ಸರ್, ನಂದೇ ತಪ್ಪು ಸರ್!" ಎಲ್ಲಿ ಹೋಯ್ತು ಸ್ವಾಮಿ ಕೋಪ?

ಕೋಪವಂತೆ. ಯಾರ ಮೇಲೆ ಕೈ ಎತ್ತಬಹುದು, ಯಾರ ಮುಂದೆ ಕೈ ಕಟ್ಟಬೇಕು ಅನ್ನೋ ಲೆಕ್ಕ ಪಕ್ಕಾ ಇದೆ. ಕಲಿತದ್ದು ಅದು. ಕಲಿತದ್ದನ್ನು ಬಿಡಿಸಬಹುದು, ಅಲ್ವಾ? ಅಮೆರಿಕದ ಡುಲುತ್ ಊರಿನಲ್ಲಿ 1980ರ ದಶಕದಲ್ಲೇ ಹೊಡೆಯುವ ಗಂಡಂದಿರಿಗೆ ತರಗತಿ ಶುರುವಾದವು. ವಾರ ವಾರ ಹೋಗಿ ಕೂರಬೇಕು. "ಏನೋ ಜಗಳ ಆಯ್ತು" ಅಂದ್ರೆ ನಡೆಯಲ್ಲ, "ನಾನು ಹೊಡೆದೆ" ಅನ್ನಬೇಕು. ದೂರದ ಮಾತು ಬೇಡ ಅಂದ್ರೆ, ಮುಂಬೈಯಲ್ಲಿ 1993ರಲ್ಲೇ ಗಂಡಸರೇ ಸೇರಿ ಹೆಂಗಸರ ಮೇಲಿನ ಹಿಂಸೆ ನಿಲ್ಲಿಸೋಕೆ 'ಮಾವಾ' ಅಂತ ಸಂಸ್ಥೆ ಕಟ್ಟಿದ್ದಾರೆ.

ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನೊಬ್ಬನನ್ನೇ ಕೌನ್ಸೆಲಿಂಗಿಗೆ ಕಳಿಸಬಹುದು. ನಾನು ನೋಡಿದ ಕೌನ್ಸೆಲಿಂಗ್ ಮಾತ್ರ ಇಬ್ಬರನ್ನೂ ಕೂರಿಸಿ ಅವಳಿಗೆ ಬುದ್ಧಿ ಹೇಳೋದು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44 ಮಂದಿ ಗಂಡನ ಹಿಂಸೆ ಕಂಡವರು. ಇಷ್ಟು ಜನಕ್ಕೂ ಅನುಸರಿಸಿಕೊಂಡು ಹೋಗಿ ಅನ್ನೋಣವಾ?

"ಅಂಥವರಿಗೆ ಪಾಠ ಯಾಕೆ, ಒಳಗೆ ಹಾಕಿ" ಅಂತೀರಿ. ಹಾಕಿ, ಬೇಡ ಅಂದವರು ಯಾರು? ಆಮೇಲೆ ಆಚೆ ಬಂದು ಯಾವ ಮನೆಗೆ ಹೋಗ್ತಾನೆ? ತರಗತಿಗೆ ಹೋದವರೆಲ್ಲ ಬದಲಾಗಲ್ಲ, ಗೊತ್ತು. ಬದಲಾಗದವರಿಗೆ ಜೈಲು ಇದ್ದೇ ಇದೆ. "ಹೆಂಗಸರೂ ಹೊಡೀತಾರೆ" ಅನ್ನೋರು ಬೇರೆ ಪೋಸ್ಟ್ ಹಾಕಿಕೊಳ್ಳಿ.

ನಾನೇನು ಸಾಚಾ ಅಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂತ ಒಮ್ಮೆ ತಟ್ಟೆ ಬೀಸಿ ಒಗೆದಿದ್ದೆ. ಅಂಚು ಸೊಟ್ಟಗಾದ ಆ ಸ್ಟೀಲ್ ತಟ್ಟೆ ಇನ್ನೂ ಮನೆಯಲ್ಲಿದೆ. ಹೊಡೆದಿಲ್ಲವಲ್ಲ ಅಂತ ಬೀಗುತ್ತಿದ್ದೆ. ನನ್ನ ಬೈಕ್ ಸದ್ದು ಕೇಳಿದ ಕೂಡಲೇ ಮಗಳು ಟಿವಿ ಆರಿಸುತ್ತಾಳೆ ಅಂತ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಇಷ್ಟೆಲ್ಲ ಬರೆಯುತ್ತಿರುವ ನಾನು ನಿನ್ನೆ ಅಲ್ಲಿ ಏನಂದೆ ಗೊತ್ತಾ? ಏನೂ ಇಲ್ಲ. ಆ ಐದು ಹಿರಿಯರಲ್ಲಿ ನಾನೂ ಒಬ್ಬ. ಎರಡನೇ ಲೋಟ ಕಾಫಿ ಕುಡಿದೆ. ಆ ಹುಡುಗಿಯೇ ಬಂದು ಲೋಟ ತೆಗೆದುಕೊಂಡು ಹೋದಳು. ಮುಖ ನೋಡಲಿಲ್ಲ.