ತಗಡಿನ ಸೂರಿಗೆ ಬೋಲ್ಟ್ ಉಪಾಯ

ಟೈಗರ್ ಮಾತ್ ಅನ್ನೋ ಹಳೇ ಜೋಡಿ ರೆಕ್ಕೆ ವಿಮಾನದ ಪುಟ್ಟ ಮಾದರಿಗೆ 1:48 ಅಳತೆಯಲ್ಲಿ (ಅಂದರೆ ನಿಜದ 48ನೇ ಒಂದು ಪಾಲು) ಹಳೇ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸೋ ಶೆಡ್, ಕಟ್ಟಿದ ನಿಮ್ಮ ಲೇಖನ ಎರಡು ಸಲ ಓದಿದೆ ಸಾರ್. ಬಾಗಿಲಿನ ಹಳಿ, ನೆಲದ ಎಣ್ಣೆ ಕಲೆ ಎಲ್ಲ ಸೊಗಸಾಗಿವೆ. ಸೂರು ಮಾತ್ರ ಒಪ್ಪಲಿಲ್ಲ. ಪಾರ್ಸೆಲ್ ಡಬ್ಬದ ರಟ್ಟಿನ ಅಲೆ ತುಂಬಾ ದಪ್ಪ. ನಿಜವಾದ ತಗಡಿನಲ್ಲಿ ಉಬ್ಬಿನಿಂದ ಉಬ್ಬಿಗೆ ಸುಮಾರು 3 ಇಂಚು. ನಿಮ್ಮ ಅಳತೆಗೆ ಇಳಿಸಿದರೆ ಒಂದೂವರೆ ಮಿಲಿಮೀಟರ್ ಚಿಲ್ಲರೆ. 10 ಎಂಎಂ ಬೋಲ್ಟಿನ ಥ್ರೆಡ್ಡುಗಳ ನಡುವಿನ ಅಂತರವೂ ಹೆಚ್ಚುಕಮ್ಮಿ ಅಷ್ಟೇ! ಅಲ್ಯೂಮಿನಿಯಂ ಫಾಯಿಲನ್ನು ಹಳೇ ಮೌಸ್ ಪ್ಯಾಡ್ ಮೇಲಿಟ್ಟು, ಚಪಾತಿ ಲಟ್ಟಿಸಿದ ಹಾಗೆ ಬೋಲ್ಟ್ ಒತ್ತಿ ಉರುಳಿಸಿ. ಗೆರೆಗಳು ಎದ್ದು ಬರುತ್ತವೆ.

ಇನ್ನೊಂದು ಮಾತು. ವಿಮಾನದ ಗಾಜಿನ ಭಾಗಕ್ಕೆ ಸೂಪರ್ ಗ್ಲೂ ಬೇಡ. ನಾನು ಅಂಟಿಸಿ, ಡಬ್ಬ ಮುಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಪೈಲಟ್ ಮುಂದಿನ ಪುಟ್ಟ ಗಾಜಿಗೆ ವಿಭೂತಿ ಬಳಿದ ಹಾಗಿತ್ತು. ಅಂಟಿನ ಹಬೆ ಮಾಡಿದ ಕೆಲಸ ಅದು. ಫೆವಿಕಾಲ್ ಸಾಕು, ಒಣಗಲು ಟೈಮ್ ಜಾಸ್ತಿ ಅಷ್ಟೇ.

ನಮ್ಮ ಮೈಸೂರಲ್ಲಿ ಇಂಥದ್ದಕ್ಕೆ ಜಾಗ ಹುಡುಕಬೇಕಿಲ್ಲ. ಹೋದ ದಸರಾದಲ್ಲಿ ನನ್ನ ಹ್ಯಾಂಗರನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದೆ. ಗೊಂಬೆ ನೋಡಲು ಬಂದ ಪಕ್ಕದ ಮನೆ ಅಜ್ಜಿ, "ಇದು ನಮ್ಮ ಮಂಡಕಳ್ಳಿ ಏರೋಡ್ರೋಮ್ ಅಲ್ವಾ?" ಅಂದರು. ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.